ಕಣ್ಣಿನ ಪೊರೆ ತೆಗೆದು ಲೆನ್ಸ್ ಹಾಕಿಸುವಾಗ

ಸಂಘದ ಅಕ್ಕ ತಂಗಿಯರೇ, ಶೆಟ್ಟಿಹಳ್ಳಿಯಿಂದ ತುಮಕೂರು ಜಿಲ್ಲಾ ಆಸ್ಪತ್ರೆ ದೂರವೇನಲ್ಲ. ಆದರೂ “ಪೊರೆ ಹಣ್ಣಾಗಲಿ, ಆಮೇಲೆ ನೋಡೋಣ” ಅಂತ ಮುಂದೂಡುವವರು ಇದ್ದಾರೆ. ಅದು ಹಳೇ ಕಾಲದ ಮಾತು. ಪೊರೆ ತೀರಾ ಬಲಿತರೆ ಆಪರೇಷನ್ ಕಷ್ಟ.

ಸಾಮಾನ್ಯವಾಗಿ ಕಣ್ಣಿಗಷ್ಟೇ ಮರಗಟ್ಟುವ ಔಷಧಿ ಕೊಟ್ಟು, ಪೊರೆ ತೆಗೆದು, ಅದೇ ಜಾಗಕ್ಕೆ ಲೆನ್ಸ್ ಕೂರಿಸುತ್ತಾರೆ. ಹೊಸ ಪ್ರಯೋಗ ಅಂತ ಹೆದರಬೇಡಿ, ಲಂಡನ್‌ನಲ್ಲಿ ಡಾ. ಹೆರಾಲ್ಡ್ ರಿಡ್ಲಿ 1949ರಲ್ಲೇ ಶುರು ಮಾಡಿದ್ದು. ಲೆನ್ಸ್ ಕಣ್ಣಿನೊಳಗೇ ಇರುತ್ತೆ, ತೆಗೆದು ತೊಳೆಯುವಂಥದ್ದಲ್ಲ.

ದೂರದ್ದು ಚೆನ್ನಾಗಿ ಕಂಡರೂ ಅಕ್ಕಿ ಆರಿಸಲು, ಪಾಸ್‌ಬುಕ್ ಓದಲು ಕನ್ನಡಕ ಬೇಕಾಗಬಹುದು. ಅದಕ್ಕೇ “ಆಪರೇಷನ್ ಕೆಟ್ಟುಹೋಯ್ತು” ಅನ್ನಬೇಡಿ. ಡಾಕ್ಟರು ಹೇಳಿದಷ್ಟು ವಾರ ಹನಿ ಔಷಧಿ ತಪ್ಪಿಸಬಾರದು. ಕಣ್ಣು ಉಜ್ಜಬೇಡಿ, ಹರಳೆಣ್ಣೆ ಬಿಡಬೇಡಿ, ಒಲೆ ಹೊಗೆಯಿಂದ ದೂರವಿರಿ. ನೋವು ಹೆಚ್ಚಿ, ಕಣ್ಣು ಕೆಂಪಾಗಿ, ದೃಷ್ಟಿ ಇಳಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸಂಘದ ಸಭೆ ಆಮೇಲೆ.