ವಿಂಡೋಸ್ ಪಕ್ಕದಲ್ಲಿ ಲಿನಕ್ಸ್: ಬೀದರ್ ಸೀಮೆಯ ಹಳೆಯ ಕಂಪ್ಯೂಟರುಗಳಿಗೆ ಎರಡನೆಯ ವ್ಯವಸ್ಥೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ, ಗುಪ್ತಕೀಲಿಗಳನ್ನು ಭದ್ರವಾಗಿ ಇರಿಸಿಕೊಳ್ಳುವ ಘಟಕವೂ, ಇಂಟೆಲ್ ಸಂಸ್ಥೆಯದಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರೂ ಬೇಕು. ಹೀಗಾಗಿ ದುರಸ್ತಿಯ ಅಗತ್ಯವೇ ಇಲ್ಲದೆ ಚೆನ್ನಾಗಿ ಓಡುತ್ತಿರುವ ಅಸಂಖ್ಯ ಮೇಜಿನ ಕಂಪ್ಯೂಟರುಗಳು ಅಧಿಕೃತವಾಗಿ ಮುಂದಿನ ಆವೃತ್ತಿಗೆ ಹೋಗಲಾರದೆ ನಿಂತಿವೆ. ಕಂಪ್ಯೂಟರನ್ನು ಕೆಡುವವರೆಗೂ ಬಳಸುವುದೇ ರೂಢಿಯಾಗಿರುವ ಬೀದರ್, ಭಾಲ್ಕಿ, ಔರಾದಿನಂಥ ಊರುಗಳ ಡಿಟಿಪಿ ಅಂಗಡಿ, ಶಾಲೆ, ಲೆಕ್ಕಪತ್ರದ ಕಚೇರಿಗಳಿಗೆ ಇದು ದೂರದ ಸುದ್ದಿಯಲ್ಲ. ಹೊಸ ಯಂತ್ರ ಕೊಳ್ಳುವುದು, ಬೆಂಬಲವಿಲ್ಲದ ವ್ಯವಸ್ಥೆಯಲ್ಲೇ ಉಳಿಯುವುದು ಎಂಬ ಎರಡು ದಾರಿಗಳ ಜೊತೆಗೆ, ಇರುವ ಯಂತ್ರದಲ್ಲೇ ವಿಂಡೋಸನ್ನು ಅಳಿಸದೆ ಲಿನಕ್ಸ್ ಎಂಬ ಎರಡನೆಯ ಕಾರ್ಯಾಚರಣ ವ್ಯವಸ್ಥೆಯನ್ನು ಹೂಡಿ, ಪ್ರತಿ ಸಲ ಗುಂಡಿ ಒತ್ತಿದಾಗಲೂ ಬೇಕಾದುದನ್ನು ಆರಿಸಿಕೊಳ್ಳುವ ಮೂರನೆಯ ದಾರಿಯೊಂದಿದೆ. ಇದನ್ನೇ ಡ್ಯುಯಲ್ ಬೂಟ್ ಎನ್ನುತ್ತಾರೆ.

ವಿಂಡೋಸನ್ನು ಒಮ್ಮೆಗೇ ಬಿಟ್ಟುಬಿಡಬಹುದಲ್ಲವೇ ಎಂಬ ಪ್ರಶ್ನೆಗೆ ಈ ಸೀಮೆಯ ಕೆಲಸಗಳೇ ಉತ್ತರ ಹೇಳುತ್ತವೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳನ್ನು ಸಿದ್ಧಪಡಿಸುವ ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾ, ವ್ಯಾಪಾರಿಗಳ ಟ್ಯಾಲಿ, ಉರ್ದು ಪುಟವಿನ್ಯಾಸದ ಇನ್‌ಪೇಜ್, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವೆಲ್ಲವೂ ವಿಂಡೋಸನ್ನೇ ನಂಬಿದ ತಂತ್ರಾಂಶಗಳು. ವರ್ಷಗಳಿಂದ ಕೂಡಿಬಂದ ಕಡತಗಳೂ ಅವುಗಳ ರೂಪದಲ್ಲೇ ಇವೆ. ಬೆರಳಚ್ಚು ಪಡೆಯುವ ಯಂತ್ರ, ಡಿಜಿಟಲ್ ಸಹಿಯ ಪೆನ್‌ಡ್ರೈವ್‌ಗಳಿಗೂ ವಿಂಡೋಸ್‌ನಲ್ಲೇ ಸಲೀಸು. ಇತ್ತ ಅಂತರ್ಜಾಲದ ಬಳಕೆ, ಬ್ಯಾಂಕಿನ ವ್ಯವಹಾರ, ಪತ್ರ ಬರೆಯುವುದು, ಪಾಠ ಸಿದ್ಧಪಡಿಸುವುದು ಮುಂತಾದವು, ಅಂದರೆ ಸುರಕ್ಷತಾ ಪರಿಷ್ಕರಣೆಗಳಿಲ್ಲದೆ ಮಾಡಿದರೆ ಅಪಾಯಕ್ಕೆ ದಾರಿಯಾಗುವ ಕೆಲಸಗಳು, ಲಿನಕ್ಸ್‌ನಲ್ಲಿ ಯಾವ ಕೊರತೆಯೂ ಇಲ್ಲದೆ ನಡೆಯುತ್ತವೆ. ಹಳೆಯ ಕಡತಗಳಿಗೆ ವಿಂಡೋಸ್, ಜಾಲಕ್ಕೆ ಲಿನಕ್ಸ್ ಎಂದು ಕೆಲಸ ಹಂಚುವುದೇ ಈ ಏರ್ಪಾಟಿನ ತಿರುಳು. ಒಂದು ವ್ಯವಸ್ಥೆಯ ಒಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್ ಯಂತ್ರದ ಉಪಾಯವೂ ಇದೆಯಾದರೂ 4 ಜಿಬಿ ಸ್ಮೃತಿಯ ಹಳೆಯ ಕಂಪ್ಯೂಟರಿಗೆ ಎರಡರ ಭಾರವನ್ನು ಏಕಕಾಲಕ್ಕೆ ಹೊರಿಸುವುದು ವ್ಯರ್ಥ. ಡ್ಯುಯಲ್ ಬೂಟ್‌ನಲ್ಲಿ ಒಂದು ಹೊತ್ತಿಗೆ ಒಂದೇ ವ್ಯವಸ್ಥೆ ನಡೆಯುವುದರಿಂದ ಯಂತ್ರದ ಪೂರ್ತಿ ಶಕ್ತಿ ಅದಕ್ಕೇ ಸಿಗುತ್ತದೆ.

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಕರ್ನೆಲ್‌ನ, ಅಂದರೆ ಯಂತ್ರಾಂಶವನ್ನೂ ತಂತ್ರಾಂಶವನ್ನೂ ಬೆಸೆಯುವ ತಿರುಳಿನ, ಹೆಸರು. ಅದರ ಸುತ್ತ ಉಳಿದ ತಂತ್ರಾಂಶಗಳನ್ನು ಜೋಡಿಸಿ ಹಂಚುವ ಕಟ್ಟುಗಳನ್ನು ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. 2004ರಿಂದ ಬರುತ್ತಿರುವ ಉಬುಂಟು, ಅದನ್ನು ಆಧರಿಸಿ 2006ರಲ್ಲಿ ಹುಟ್ಟಿದ ಲಿನಕ್ಸ್ ಮಿಂಟ್, ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಇಂಥವು. ವಿಂಡೋಸ್ ರೂಢಿಯಾದವರಿಗೆ ಮಿಂಟ್ ಹತ್ತಿರವೆನಿಸುತ್ತದೆ. ಸ್ಮೃತಿ ಕಡಿಮೆಯಿದ್ದರೆ ಅದರದೇ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಆರಿಸುವುದು ಸರಿ.

ಗುಂಡಿ ಒತ್ತಿದ ಕ್ಷಣದಿಂದ ತೆರೆ ಮೂಡುವವರೆಗಿನ ಕ್ರಮವನ್ನು ತಿಳಿದರೆ ಮುಂದಿನ ಎಚ್ಚರಿಕೆಗಳ ಅರ್ಥ ತಾನಾಗಿ ಹೊಳೆಯುತ್ತದೆ. ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲೇ ನೆಲೆಸಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಇದು ಬಯೋಸ್, ಈಚಿನವುಗಳಲ್ಲಿ ಯುಇಎಫ್‌ಐ. ಬಯೋಸ್ ಡಿಸ್ಕಿನ ಮೊಟ್ಟಮೊದಲ ತುಣುಕಾದ ಎಂಬಿಆರ್‌ನಲ್ಲಿರುವ ಸಣ್ಣ ಕ್ರಮವಿಧಿಯನ್ನು ಓದಿ ಮುಂದುವರಿಯುತ್ತದೆ. ಯುಇಎಫ್‌ಐ ಆದರೋ ಡಿಸ್ಕಿನಲ್ಲಿ ತನಗಾಗಿಯೇ ಮೀಸಲಿಟ್ಟ ಇಎಫ್‌ಐ ಎಂಬ ಪುಟ್ಟ ಭಾಗದಲ್ಲಿ ಪ್ರತಿ ವ್ಯವಸ್ಥೆಯೂ ಇರಿಸಿದ ಆರಂಭಕ ಕಡತವನ್ನು ಹುಡುಕುತ್ತದೆ. ಲಿನಕ್ಸ್ ಜೊತೆ ಬರುವ ಆರಂಭಕದ ಹೆಸರು ಗ್ರಬ್. ಕೆಲವು ಕ್ಷಣ ತೆರೆಯ ಮೇಲೆ ಪಟ್ಟಿ ತೋರಿಸಿ, ಬಳಕೆದಾರ ಆರಿಸಿದ ವ್ಯವಸ್ಥೆಗೆ ಯಂತ್ರವನ್ನು ಒಪ್ಪಿಸಿ ಅದು ಹಿಂದೆ ಸರಿಯುತ್ತದೆ. ಡಿಸ್ಕನ್ನು ಪಾರ್ಟಿಷನ್ ಎಂಬ ಭಾಗಗಳಾಗಿ ವಿಂಗಡಿಸುವುದಂತೂ ಒಂದೇ ಹೊಲಕ್ಕೆ ಅಣ್ಣತಮ್ಮಂದಿರು ಬದು ಹಾಕಿಕೊಂಡಂತೆ. ಬದು ಸರಿಯಾದ ಕಡೆ ಬಿದ್ದರೆ ಜೀವಮಾನವಿಡೀ ತಕರಾರಿಲ್ಲ.

ಮೇಜಿನ ಕಂಪ್ಯೂಟರ್ ಬಳಸುವವರಿಗೆ ಲ್ಯಾಪ್‌ಟಾಪಿನವರಿಗೆ ಸುಲಭವಾಗಿ ಸಿಗದ ಅನುಕೂಲವೊಂದಿದೆ: ಕ್ಯಾಬಿನೆಟ್ಟಿನೊಳಗೆ ಇನ್ನೊಂದು ಡಿಸ್ಕಿಗೆ ಸಾಮಾನ್ಯವಾಗಿ ಜಾಗವಿರುತ್ತದೆ, ಮದರ್‌ಬೋರ್ಡಿನಲ್ಲಿ ಸಾಟಾ ಕಿಂಡಿ ಖಾಲಿಯಿರುತ್ತದೆ. 240 ಜಿಬಿಯ ಸಾಧಾರಣ ಎಸ್‌ಎಸ್‌ಡಿ ಒಂದನ್ನು ಅಲ್ಲಿ ಕೂರಿಸಿ ಲಿನಕ್ಸನ್ನು ಪೂರ್ತಿಯಾಗಿ ಅದರಲ್ಲೇ ಹೂಡುವುದು ಈ ಲೇಖನದ ಸ್ಪಷ್ಟ ಶಿಫಾರಸು. ವಿಂಡೋಸ್ ಇರುವ ಡಿಸ್ಕಿನ ಒಂದು ಅಕ್ಷರವನ್ನೂ ಮುಟ್ಟಬೇಕಿಲ್ಲ, ಭಾಗ ಮಾಡುವ ಅಪಾಯವಿಲ್ಲ, ಒಂದು ಡಿಸ್ಕು ಕೆಟ್ಟರೆ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಆದರೆ ಉಬುಂಟು ಬಗೆಯ ಕೆಲವು ಅನುಸ್ಥಾಪಕಗಳು, ಎರಡನೆಯ ಡಿಸ್ಕನ್ನು ಆರಿಸಿದ್ದಾಗಲೂ ತಮ್ಮ ಆರಂಭಕವನ್ನು ಮೊದಲ ಡಿಸ್ಕಿನ ಇಎಫ್‌ಐ ಭಾಗದಲ್ಲೇ ಬರೆದುಬಿಟ್ಟದ್ದುಂಟು. ಇದನ್ನು ತಪ್ಪಿಸಲು ಹೂಡುವ ಹೊತ್ತಿಗೆ ವಿಂಡೋಸ್ ಡಿಸ್ಕಿನ ತಂತಿಯನ್ನೇ ಕಳಚಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಸಿಕ್ಕಿಸುವುದು ಅತ್ಯಂತ ಖಚಿತವಾದ ಉಪಾಯ. ವಿದ್ಯುತ್ ಸಂಪರ್ಕ ಪೂರ್ತಿ ತೆಗೆದ ಮೇಲಷ್ಟೇ ಕ್ಯಾಬಿನೆಟ್ ತೆರೆಯಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಹೀಗೆ ಹೂಡಿದಾಗ ಯಾವ ಡಿಸ್ಕಿನಿಂದ ಆರಂಭವಾಗಬೇಕೆಂಬುದನ್ನು ಫರ್ಮ್‌ವೇರ್‌ನ ಬೂಟ್ ಪಟ್ಟಿಯಲ್ಲೇ ಆರಿಸಬಹುದು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಕೀಲಿ ಆ ಪಟ್ಟಿಯನ್ನು ತೆರೆಯುತ್ತದೆ.

ಒಂದೇ ಡಿಸ್ಕಿನಲ್ಲಿ ಎರಡನ್ನೂ ಇರಿಸಲೇಬೇಕಾದವರು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸಲಕರಣೆಯಿಂದಲೇ ಭಾಗವೊಂದನ್ನು ಕುಗ್ಗಿಸಿ, 50 ಜಿಬಿಗೆ ಕಡಿಮೆಯಿಲ್ಲದಷ್ಟು ಜಾಗವನ್ನು ಹೆಸರಿಡದೆ ಖಾಲಿ ಬಿಡಬೇಕು. ಊರಿನ ಅಂಗಡಿಗಳಲ್ಲಿ ಜೋಡಿಸಿಕೊಟ್ಟ ಹಳೆಯ ಯಂತ್ರಗಳಲ್ಲಿ ಸಿ, ಡಿ, ಇ, ಎಫ್ ಎಂದು ಡಿಸ್ಕನ್ನು ಒಡೆದಿರುವುದು ಸಾಮಾನ್ಯ. ಎಂಬಿಆರ್ ಪದ್ಧತಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರಾಥಮಿಕ ಭಾಗಗಳಿಗೆ ಅವಕಾಶವಿಲ್ಲ. ಈ ಮಿತಿ ಮುಟ್ಟಿದಾಗ ವಿಂಡೋಸ್ ಡಿಸ್ಕನ್ನು ಡೈನಮಿಕ್ ಡಿಸ್ಕ್ ಆಗಿ ಪರಿವರ್ತಿಸಲೇ ಎಂದು ಕೇಳುತ್ತದೆ, ಅನೇಕರು ಓದದೆಯೇ ಒಪ್ಪಿಬಿಡುತ್ತಾರೆ. ಹಾಗೆ ಪರಿವರ್ತನೆಯಾದ ಡಿಸ್ಕಿನಲ್ಲಿ ಲಿನಕ್ಸ್ ಹೂಡುವ ಸಾಮಾನ್ಯ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಆ ಪ್ರಶ್ನೆಗೆ ಬೇಡವೆಂದೇ ಉತ್ತರಿಸಬೇಕು. ಇನ್ನು ಭಾಗಗಳನ್ನು ಕುಗ್ಗಿಸುವ, ಸರಿಸುವ ಹೊತ್ತಿನಲ್ಲಿ ಕರೆಂಟು ಹೋದರೆ ಕಡತಗಳು ಅರ್ಧ ದಾರಿಯಲ್ಲಿ ಛಿದ್ರವಾಗುತ್ತವೆ. ಮೇಜಿನ ಕಂಪ್ಯೂಟರಿಗೆ ತನ್ನದೇ ಬ್ಯಾಟರಿಯಿಲ್ಲ, ಸಾಮಾನ್ಯ ಯುಪಿಎಸ್ ತಡೆಯುವುದು ಕೆಲವೇ ನಿಮಿಷ, ತುಂಬಿದ ಹಳೆಯ ಹಾರ್ಡ್ ಡಿಸ್ಕಿನಲ್ಲಾದರೋ ಈ ಕೆಲಸ ಗಂಟೆಗಟ್ಟಲೆ ಹಿಡಿಯಬಹುದು. ವಿದ್ಯುತ್ ವ್ಯತ್ಯಯದ ಬಗ್ಗೆ ಪೂರೈಕೆ ಸಂಸ್ಥೆಯಾದ ಜೆಸ್ಕಾಂ ಪತ್ರಿಕೆಗಳಲ್ಲಿ ಮೊದಲೇ ಕೊಡುವ ಪ್ರಕಟಣೆಯನ್ನು ನೋಡಿಕೊಂಡು, ಗಾಳಿಮಳೆಯಿಲ್ಲದ ದಿನವನ್ನು ಆರಿಸಿ, ಸಾಧ್ಯವಿದ್ದರೆ ಇನ್ವರ್ಟರ್ ಇರುವಲ್ಲಿ ಇದನ್ನು ಮಾಡುವುದು ಔರಾದಿನಲ್ಲೂ ಬೀದರಿನಲ್ಲೂ ಸಮಾನವಾಗಿ ವಿವೇಕದ ಮಾತು.

ಎಲ್ಲಕ್ಕೂ ಮೊದಲು ಆಗಬೇಕಾದದ್ದು ಕಡತಗಳ ಪ್ರತಿ. ಅದು ಅದೇ ಕಂಪ್ಯೂಟರಿನ ಇನ್ನೊಂದು ಡ್ರೈವಿನಲ್ಲಲ್ಲ, ಹೊರಗಿನ ಡಿಸ್ಕಿನಲ್ಲಿರಬೇಕು. ಆಮೇಲೆ ವಿಂಡೋಸ್‌ನ ಮೂರು ಸಂಗತಿಗಳನ್ನು ಗಮನಿಸಬೇಕಾಗುತ್ತದೆ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ 48 ಅಂಕೆಗಳ ಮರುಪಡೆಯುವ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಮುಂದುವರಿಯಲೇಬಾರದು, ಏಕೆಂದರೆ ಆರಂಭದ ಕ್ರಮ ಬದಲಾದುದನ್ನು ಕಂಡೊಡನೆ ವಿಂಡೋಸ್ ಆ ಕೀಲಿಯನ್ನು ಕೇಳಬಹುದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ರೆಯಲ್ಲಿ ಬಿಡುವುದರಿಂದ, ಆ ಸ್ಥಿತಿಯಲ್ಲಿ ಲಿನಕ್ಸ್ ವಿಂಡೋಸಿನ ಭಾಗಗಳಿಗೆ ಬರೆದರೆ ಕಡತ ಕೆಡುವ ಸಂಭವವಿದೆ. ಅದನ್ನು ಕಂಟ್ರೋಲ್ ಪ್ಯಾನೆಲ್‌ನಲ್ಲಿ ನಿಲ್ಲಿಸಬೇಕು. ಮೂರನೆಯದು, ಕಚೇರಿಗಳಿಗೆಂದು ತಯಾರಾದ ಕೆಲವು ಬ್ರ್ಯಾಂಡೆಡ್ ಯಂತ್ರಗಳಲ್ಲಿ ಡಿಸ್ಕಿನ ನಿಯಂತ್ರಣವನ್ನು ರೇಡ್ ಎಂಬ ಕ್ರಮದಲ್ಲಿ ಇರಿಸಿರುತ್ತಾರೆ. ಲಿನಕ್ಸಿನ ಅನುಸ್ಥಾಪಕಕ್ಕೆ ಡಿಸ್ಕೇ ಕಾಣದಿದ್ದರೆ ಬಹುಮಟ್ಟಿಗೆ ಕಾರಣ ಇದು. ಇದನ್ನು ಎಎಚ್‌ಸಿಐ ಕ್ರಮಕ್ಕೆ ಬದಲಿಸುವ ಮುನ್ನ ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ತೆರೆದುಕೊಳ್ಳುವಂತೆ ಸಿದ್ಧಪಡಿಸಬೇಕು, ಇಲ್ಲದಿದ್ದರೆ ಅದೇ ತೆರೆಯದೆ ಹೋದೀತು.

ಮಿಂಟ್‌ನ ಅನುಸ್ಥಾಪನಾ ಕಡತ ಸುಮಾರು 3 ಜಿಬಿ, ಉಬುಂಟುವಿನದು ಸುಮಾರು 6 ಜಿಬಿ. ಅದನ್ನು ರೂಫಸ್‌ನಂಥ ಉಚಿತ ತಂತ್ರಾಂಶದಿಂದ 8 ಜಿಬಿಯ ಪೆನ್‌ಡ್ರೈವಿಗೆ ಬರೆದು, ಅದರಿಂದ ಕಂಪ್ಯೂಟರನ್ನು ಆರಂಭಿಸಿದರೆ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ನಡೆಯುತ್ತದೆ. ಈ ಪರೀಕ್ಷಾ ಸ್ಥಿತಿಯಲ್ಲಿ ಒಂದು ಗಂಟೆ ಕಳೆಯುವುದು ಕಾಲಹರಣವಲ್ಲ. ವೈಫೈ, ಧ್ವನಿ, ಮುದ್ರಣಯಂತ್ರಗಳು ನಡೆಯುತ್ತವೆಯೇ ಎಂಬುದು ಇಲ್ಲೇ ತಿಳಿಯುತ್ತದೆ. ಎಚ್‌ಪಿಯ ಬಹುಪಾಲು ಮುದ್ರಣಯಂತ್ರಗಳು ಸುಲಭವಾಗಿ ಒಗ್ಗುತ್ತವೆ. ಕ್ಯಾನನ್ ಎಲ್‌ಬಿಪಿ 2900 ಮಾದರಿಗೆ ಬೇಕಾದ ಚಾಲಕವನ್ನು ಹೊಂದಿಸುವುದು ಶ್ರಮದ ಕೆಲಸವಾದ್ದರಿಂದ ಅದನ್ನೇ ನೆಚ್ಚಿಕೊಂಡ ಅಂಗಡಿಯವರು ಮುದ್ರಣವನ್ನು ವಿಂಡೋಸ್‌ಗೇ ಉಳಿಸಿಕೊಳ್ಳುವುದು ಲೇಸು. ಅನುಸ್ಥಾಪನೆ ಮಾತ್ರ ಇವೆಲ್ಲಕ್ಕಿಂತ ಸರಳ: ವಿಂಡೋಸ್ ಜೊತೆಯಲ್ಲಿ ಹೂಡು ಎಂಬ ಆಯ್ಕೆಯನ್ನೋ ಬೇರೆ ಡಿಸ್ಕನ್ನೋ ತೋರಿಸಿ, ಡಿಸ್ಕನ್ನೇ ಅಳಿಸು ಎಂಬ ಆಯ್ಕೆ ಯಾವ ಡಿಸ್ಕಿಗೆ ಅನ್ವಯಿಸುತ್ತದೆಂದು ಎರಡು ಬಾರಿ ಓದಿ ಮುಂದುವರಿದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿರುವುದು ಹೊಸಬರನ್ನು ಗಾಬರಿಗೊಳಿಸುತ್ತದೆ. ಯಂತ್ರದೊಳಗಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನೂ ಲಿನಕ್ಸ್ ಜಾಗತಿಕ ಸಮಯವನ್ನೂ ಇರಿಸುವುದೇ ಇದಕ್ಕೆ ಕಾರಣ. ಬಿಲ್ಲು ಬರೆಯುವ ಯಂತ್ರದಲ್ಲಿ ಇದು ದಿನಾಂಕವನ್ನೇ ತಪ್ಪಿಸಬಹುದಾದ್ದರಿಂದ, ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸಿಗೆ ಒಂದು ಸಾಲಿನ ಆದೇಶ ಕೊಟ್ಟು ಮೊದಲ ದಿನವೇ ಸರಿಪಡಿಸಬೇಕು.

ಭಾಷೆಯ ವಿಷಯದಲ್ಲಿ ಲಿನಕ್ಸ್ ಈ ಸೀಮೆಗೆ ವಿಶೇಷವಾಗಿ ಒದಗಿಬರುತ್ತದೆ. 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಬೀದರ್ ಜಿಲ್ಲೆಯಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು, ತೆಲುಗುಗಳೂ ದಿನಬಳಕೆಯ ನುಡಿಗಳು. ಮಹಾರಾಷ್ಟ್ರಕ್ಕೆ ಅಂಟಿಕೊಂಡ ಔರಾದ್ ಮತ್ತು ಭಾಲ್ಕಿ ತಾಲ್ಲೂಕುಗಳಲ್ಲಿ ಮರಾಠಿಯ ಬಳಕೆ ಢಾಳಾಗಿದೆ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಕನ್ನಡಕ್ಕಷ್ಟೇ ಅಲ್ಲದೆ ಮರಾಠಿ, ಹಿಂದಿ, ತೆಲುಗುಗಳಿಗೂ ಇದೆ. ನುಡಿಯಲ್ಲಿ ಪಳಗಿದ ಬೆರಳುಗಳು ಬಹುಮಟ್ಟಿಗೆ ಅದೇ ಕೀಲಿಗಳಲ್ಲಿ ಮರಾಠಿಯನ್ನೂ ಬರೆಯಬಲ್ಲವು. ಉರ್ದುವಿಗೆ ಧ್ವನ್ಯಾತ್ಮಕ ಕೀಲಿಮಣೆಯೂ ನಸ್ತಾಲಿಕ್ ಶೈಲಿಯ ನೋಟೊ ಅಕ್ಷರವಿನ್ಯಾಸವೂ ಉಚಿತವಾಗಿ ಸಿಗುತ್ತವೆ. ಇವೆಲ್ಲ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ನಿಗದಿಪಡಿಸಿದ ಯೂನಿಕೋಡ್ ಪದ್ಧತಿಯವು. ಹಳೆಯ ನುಡಿ ಕಡತಗಳು ಆ ಪದ್ಧತಿಯವಲ್ಲದ ಕಾರಣ ಅವುಗಳ ಅಕ್ಷರವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸನ್ನು ಉಳಿಸಿಕೊಂಡಿರುವಾಗಲೇ ಅವನ್ನು ಸ್ವಲ್ಪಸ್ವಲ್ಪವಾಗಿ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳುವುದು ಡ್ಯುಯಲ್ ಬೂಟ್ ಒದಗಿಸುವ ದೊಡ್ಡ ಅವಕಾಶ.

ಹೂಡಿದ ಮೇಲೆಯೂ ಎರಡು ವ್ಯವಸ್ಥೆಗಳ ನಡುವೆ ಘರ್ಷಣೆ ತಲೆದೋರುವುದುಂಟು. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಸುರಕ್ಷತಾ ಪರಿಷ್ಕರಣೆಯೊಂದು, ಸಹಿಯಿಲ್ಲದ ಆರಂಭಕಗಳನ್ನು ತಡೆಯುವ ಸೆಕ್ಯೂರ್ ಬೂಟ್ ನಿಯಮಗಳನ್ನು ಬಿಗಿಗೊಳಿಸಿದಾಗ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ತೆರೆಯದಾಯಿತು. 2021ರ ಗ್ರಬ್ 2.06 ಆವೃತ್ತಿಯಿಂದ ಇತರ ವ್ಯವಸ್ಥೆಗಳನ್ನು ತಾನಾಗಿ ಹುಡುಕುವ ಸೌಲಭ್ಯವನ್ನು ಮೂಲದಲ್ಲೇ ನಿಲ್ಲಿಸಲಾಗಿದ್ದು, ಕೆಲವೆಡೆ ಪಟ್ಟಿಯಲ್ಲಿ ವಿಂಡೋಸ್ ಕಾಣದಿರುವುದಕ್ಕೆ ಅದೇ ಕಾರಣ. ಹೂಡಲು ಬಳಸಿದ ಪೆನ್‌ಡ್ರೈವನ್ನು ಅಳಿಸದೆ ಇಟ್ಟುಕೊಂಡವರಿಗೆ ಇಂಥ ಹೊತ್ತಿನಲ್ಲಿ ಅದರಿಂದಲೇ ದುರಸ್ತಿ ಸಾಧ್ಯ.

ಕನ್ನಡ ಮಕ್ಕಳು ಲಿನಕ್ಸ್ ಬಳಸಲಾರರೆಂಬ ಅಳುಕಿಗೆ ಕಾಸರಗೋಡು ಉತ್ತರ ಕೊಟ್ಟಿದೆ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ, 2017ರಿಂದ ಕೈಟ್ ಎಂಬ ಸಂಸ್ಥೆಯಾಗಿ ನಡೆಯುತ್ತಿರುವ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಗಳಲ್ಲಿ ಓದುವ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಮೇಲೆ ಹೇಳಿದ ಯಾವ ಹಂತವೂ ಕಷ್ಟದ್ದಲ್ಲ. ಅವರು ರಜೆಗೆ ಊರಿಗೆ ಹೋದಾಗ ತಾವು ಕಲಿತ ಶಾಲೆಯ ಒಂದು ಹಳೆಯ ಕಂಪ್ಯೂಟರಿಗಾದರೂ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಕಡತಗಳ ಪ್ರತಿ ತೆಗೆದಿಟ್ಟು, ಎರಡನೆಯ ವ್ಯವಸ್ಥೆಯನ್ನು ಹೂಡಿಕೊಡಲಿ. ಅದನ್ನು ಬಳಸುವುದನ್ನು ಅಲ್ಲಿನ ಒಬ್ಬ ಶಿಕ್ಷಕರಿಗೆ ಕಲಿಸಿಯೇ ಹಿಂದಿರುಗಲಿ.