ಆಟ ಕಟ್ಟುವ ವಿದ್ಯೆಗೆ ಮೊದಲ ಮೆಟ್ಟಿಲು

ಮೊಬೈಲಿನಲ್ಲಿ ಕಾಣುವಂಥ ಆಟಗಳನ್ನು ತಾವೂ ತಯಾರಿಸಬಹುದೆ, ಅದನ್ನು ಎಲ್ಲಿ ಕಲಿಯಬೇಕು ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳುವುದುಂಟು. ಪೋಷಕರ ಸಂದೇಹ ಬೇರೆ: ಇದಕ್ಕಾಗಿ ಬೆಂಗಳೂರಿಗೆ ಕಳುಹಿಸಿ ಹಣ ತೆರಬೇಕೆ? ಕನ್ನಡದಲ್ಲಿ ಓದಿದ ಮಗುವಿಗೆ ಈ ವಿದ್ಯೆ ದಕ್ಕೀತೆ? ಉತ್ತರವನ್ನು ನಮ್ಮ ಜಗಲಿಯಿಂದಲೇ ಆರಂಭಿಸೋಣ.

ಚೌಕಾಬಾರವನ್ನು ಅರಿಯದವರು ನಮ್ಮಲ್ಲಿ ವಿರಳ. ಅದನ್ನು ಗಣಕಯಂತ್ರದಲ್ಲಿ ಆಡಿಸಬೇಕಾದರೆ ಇಪ್ಪತ್ತೈದು ಮನೆಗಳ ಚಿತ್ರವನ್ನು ತೋರಿಸಬೇಕು, ಕಾಯಿಗಳನ್ನು ನಡೆಸಬೇಕು, ಕವಡೆಯ ಸದ್ದನ್ನು ಹೊರಡಿಸಬೇಕು. ಎಲ್ಲ ಆಟಗಳಿಗೂ ಬೇಕಾದ ಇಂಥ ಕೆಲಸಗಳನ್ನು ಮೊದಲೇ ಸಿದ್ಧಪಡಿಸಿಟ್ಟ ಸಲಕರಣೆಗೆ ‘ಗೇಮ್ ಎಂಜಿನ್’ ಎಂದು ಹೆಸರು. ಆದರೆ ಆಟದ ನಿಯಮವನ್ನು ಹೇಳಿಕೊಡಬೇಕಾದವರು ನಾವೇ.

ನಾಲ್ಕು ಕವಡೆಗಳಿಂದ 1, 2, 3, 4, 8 ಎಂಬ ಐದು ಎಣಿಕೆಗಳು ಬೀಳುತ್ತವೆ. ಐದರಲ್ಲಿ ಒಂದನ್ನು ಮನಬಂದಂತೆ ಆರಿಸೆಂದು ಯಂತ್ರಕ್ಕೆ ಹೇಳಿದರೆ ತಪ್ಪಾಗುವುದು. ಪ್ರತಿ ಕವಡೆಯೂ ಅಂಗಾತ ಅಥವಾ ಬೋರಲು ಬೀಳುವ ಸಂಭವ ಸಮವೆಂದುಕೊಂಡರೆ ಒಟ್ಟು 16 ಬಗೆಗಳಿವೆ. ಅವುಗಳಲ್ಲಿ 2 ಬೀಳುವುದು ಆರು ಬಗೆ, 1 ಮತ್ತು 3 ನಾಲ್ಕು ನಾಲ್ಕು ಬಗೆ, ಚೌಕ ಮತ್ತು ಬಾರ ಒಂದೊಂದೇ ಬಗೆ. ವಿರಳವಾದುದರಿಂದಲೇ ಅವು ಬಿದ್ದಾಗ ನಮಗೆ ಅಷ್ಟು ಹರ್ಷ. ಆದ್ದರಿಂದ ಯಂತ್ರವೂ ನಾಲ್ಕು ಕವಡೆಗಳನ್ನು ಒಂದೊಂದಾಗಿ ಎಸೆದು ಎಣಿಸಬೇಕು. ಇದನ್ನು ತಿಳಿಯಲು ಇಂಗ್ಲಿಷು ಬೇಕಿಲ್ಲ.

ಇನ್ನು ಕಲಿಕೆಯ ಸಾಮಗ್ರಿ. ಚಿಕ್ಕ ಮಕ್ಕಳು ‘ಸ್ಕ್ರ್ಯಾಚ್’ನಿಂದ ತೊಡಗಲಿ. ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯಿಂದ 2007ರಲ್ಲಿ ಹೊರಬಂದ ಇದರಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿಯೇ ಆಟ ಕಟ್ಟಬಹುದು. ಪ್ರೌಢಶಾಲೆಯವರಿಗೆ ‘ಗೋಡೋ’ ಎಂಬ ಎಂಜಿನ್ ಯೋಗ್ಯ. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಎಲ್ಲರಿಗೂ ಮುಕ್ತವಾದ ಇದಕ್ಕೆ ಬೆಲೆಯಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ; ಕೈಪಿಡಿಯನ್ನೂ ಇಳಿಸಿಟ್ಟುಕೊಳ್ಳಬಹುದು. ಅದರಲ್ಲಿ ಮೊದಲ ಹೆಜ್ಜೆಗಳ ಪಾಠ ಮುಗಿಸಿ, ಎದುರಾಗುವ ಜೀವಿಗಳಿಂದ ತಪ್ಪಿಸಿಕೊಳ್ಳುವ ಪುಟ್ಟ ಆಟವನ್ನು ಪೂರ್ತಿ ಕಟ್ಟಿ ನೋಡಬೇಕು. ಇದರ ಆಜ್ಞಾಭಾಷೆ ಪೈತಾನನ್ನು ಹೋಲುತ್ತದೆ. ಮುಂಬಯಿಯ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ಗಣಕಯಂತ್ರದ ಹಲವು ಪಾಠಗಳನ್ನು ಕನ್ನಡದ ಧ್ವನಿಯಲ್ಲಿಯೂ ಉಚಿತವಾಗಿ ಒದಗಿಸಿದೆ. ಅವುಗಳಿಂದ ಅಡಿಪಾಯ ಗಟ್ಟಿಯಾಗುವುದು.

ಒಂದು ಎಚ್ಚರಿಕೆ: ಗೋಡೋ 2023ರಲ್ಲಿ ನಾಲ್ಕನೆಯ ಆವೃತ್ತಿಗೆ ಬಂದಾಗ ಬಹಳ ಬದಲಾಯಿತು. ಮೂರನೆಯದಕ್ಕೆ ಬರೆದ ಪಾಠವನ್ನು ನಾಲ್ಕನೆಯದರಲ್ಲಿ ಅನುಸರಿಸಿದ ಮಗು, ದೋಷ ತನ್ನದೆಂದೇ ತಿಳಿದು ಕೈಬಿಡುತ್ತದೆ. ಪಾಠದ ಆವೃತ್ತಿಯನ್ನು ಮೊದಲು ನೋಡಿರಿ.

ಕೈಪಿಡಿಯ ಭಾಷೆ ಇಂಗ್ಲಿಷೆಂಬುದು ನಿಜ. ದಿನಕ್ಕೆ ಒಂದು ಪುಟವನ್ನು ನಿಘಂಟಿನೊಡನೆ ಓದಿದರೆ ಆ ಭಾಷೆಯೂ ಕೈಗೂಡುವುದು. ಪೋಷಕರು ಹಣ ತೆರುವ ಮುನ್ನ ಮಗು ಒಂದು ಚಿಕ್ಕ ಆಟವನ್ನು ಮುಗಿಸಿತೇ ಎಂದು ನೋಡಲಿ. ಆಡುವ ಮಗುವನ್ನು ಗದರಿಸುವುದಕ್ಕಿಂತ, ನೀನೇ ಒಂದನ್ನು ಕಟ್ಟಿ ತೋರಿಸೆಂದು ಹೇಳುವುದು ಮೇಲು.