ಒರಸಿದ ಗುರುತು

ಧೂಳು ಕುಳಿತ ಬೊಂಬೆಯನ್ನು ಕಣ್ಣು ಸೈರಿಸಿಕೊಳ್ಳುತ್ತದೆ. ಒರಸಿ ಗೀರುಬಿದ್ದ ಬೊಂಬೆಯನ್ನು ಸೈರಿಸದು. ಧೂಳು ಎಲ್ಲೆಡೆಯೂ ಸಮನಾಗಿ ಹರಡಿ ಒಂದು ಬಗೆಯ ಮುಪ್ಪಿನಂತೆ ತೋರುವುದುಂಟು. ಗೀರುಗಳಾದರೋ ಬಟ್ಟೆ ಓಡಾಡಿದ ದಾರಿಯನ್ನೇ ಬರೆದಿಡುತ್ತವೆ: ಇಲ್ಲಿ ಕೈ ತಿರುಗಿತು, ಇಲ್ಲಿ ನೀರು ಇಳಿಯಿತು, ಇಲ್ಲಿ ಒರಸುವವನಿಗೆ ಬೇಸರ ಬಂತು. ಅದನ್ನು ಅಳಿಸಲು ಮತ್ತೊಮ್ಮೆ ಒರಸಬೇಕೆಂಬ ಆಸೆ ಸಹಜವಾದುದೇ. ಆದರೆ ಹೆಚ್ಚಿನ ಹಾನಿ ನಡೆಯುವುದು ಆ ಎರಡನೆಯ ಸಲದಲ್ಲಿ.

ನಮ್ಮ ಕನ್ನಡ ವಿಭಾಗದ ಗಾಜಿನ ಕಪಾಟಿನಲ್ಲಿ ಕಿನ್ನಾಳದ ಗರುಡನೊಬ್ಬನಿದ್ದಾನೆ. ಒಂದು ರಾಜ್ಯೋತ್ಸವದ ಮುನ್ನಾದಿನ ಯಾರೋ ಸದುದ್ದೇಶದಿಂದಲೇ ಸಾಬೂನುನೀರಿನ ಬಟ್ಟೆಯಿಂದ ಅವನನ್ನು ಚೊಕ್ಕಟಮಾಡಿದರು. ಮರುದಿನ ನೋಡಿದರೆ ಕೆಂಪು ರೆಕ್ಕೆಗಳ ಮೇಲೆ ವಿಭೂತಿ ಎಳೆದಂತೆ ಬಿಳಿಯ ಗೆರೆಗಳು! ಹಸಿಬಟ್ಟೆ ಹಿಡಿದು ಬಂದ ವಿದ್ಯಾರ್ಥಿಯನ್ನು ತಡೆದು, ಮೊದಲು ಈ ಗರುಡನ ಮೈ ಯಾವುದರಿಂದ ಆಗಿದೆಯೆಂದು ತಿಳಿಯೋಣ ಎಂದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಕೂಡಿಸುವುದು ಸಂಪ್ರದಾಯ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ ಅದೇ ಅಂಟಿನೊಡನೆ ಕಲಸಿದರೆ ಅದು ‘ಕಿಟ್ಟ’. ಇದನ್ನು ಮೈಗೆಲ್ಲ ಮೆತ್ತಿ, ಹತ್ತಿಯ ತುಣುಕುಗಳನ್ನು ಅಂಟಿಸಿ, ಅದರ ಮೇಲೆ ಹರಳುಕಲ್ಲಿನ ಪುಡಿಯ ಲೇಪ ಕೊಟ್ಟು ಆಮೇಲೆ ಬಣ್ಣ ಹಚ್ಚುತ್ತಾರೆ. ಎಂದರೆ, ಬಣ್ಣದ ಪದರವೊಂದನ್ನು ದಾಟಿದರೆ ಒಳಗೆಲ್ಲ ಹುಣಿಸೆಬೀಜದ ಅಂಟೇ. ಆ ಅಂಟಿಗೆ ನೀರೇ ಶತ್ರು.

ಗೀರುಗಳೆಲ್ಲ ಒಂದೇ ಜಾತಿಯವಲ್ಲ. ಕೊಳವೆಬಾವಿಯ ಗಡಸುನೀರು ಆರಿದಲ್ಲಿ ಅದರ ಸುಣ್ಣದಂಶ ಉಳಿಯುತ್ತದೆ. ಸಾಬೂನು ಸೇರಿದರೆ ಎರಡೂ ಕೂಡಿ ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ಇದು ಮೇಲೆ ಬಂದು ಕುಳಿತದ್ದು. ಇನ್ನೊಂದು, ವಾರ್ನಿಷಿನ ಒಳಕ್ಕೆ ತೇವ ಹೊಕ್ಕು ಅದು ಮಂಜಾಗಿ ಬೆಳ್ಳಗಾಗುವುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಬಣ್ಣವೇ ಸವೆದು ಕೆಳಗಿನ ಲೇಪ ಕಾಣುವುದು. ಮೊದಲನೆಯದು ಸೇರಿದ್ದು, ಕೊನೆಯದು ಹೋದದ್ದು. ಕಣ್ಣಿಗೆ ಎರಡೂ ಬಿಳಿಯೇ. ಕೋಣೆಯನ್ನು ಕತ್ತಲೆಮಾಡಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಸೇರಿದ್ದು ಉಬ್ಬಿ ಕಾಣುತ್ತದೆ, ಹೋದದ್ದು ತಗ್ಗಾಗಿ. ಬೆರಳನ್ನು ಒದ್ದೆಮಾಡಿ ಮುಟ್ಟಿ ಪರೀಕ್ಷಿಸುವುದು ಮೋಸ. ತೇವವಿರುವಷ್ಟು ಹೊತ್ತು ಎರಡೂ ಮಾಯವಾಗಿ, ಆರಿದೊಡನೆ ಎರಡೂ ಮರಳುತ್ತವೆ. ತೆಂಗಿನೆಣ್ಣೆ ಸವರುವವರು ನಂಬುವುದೂ ಈ ಮಾಯೆಯನ್ನೇ. ತೆಂಗಿನೆಣ್ಣೆ ಆರಿ ಗಟ್ಟಿಯಾಗುವ ಎಣ್ಣೆಯಲ್ಲ; ಜಿಡ್ಡಾಗಿಯೇ ಉಳಿದು ಇಡೀ ವರ್ಷದ ಧೂಳನ್ನು ಹಿಡಿದಿಡುತ್ತದೆ. ಸ್ಪಿರಿಟಿನ ಮಾತಂತೂ ಬೇಡ. ಚನ್ನಪಟ್ಟಣದ ಬೊಂಬೆಗೆ ಅದನ್ನು ಹಚ್ಚಿದರೆ ಮೈಮೇಲಿನ ಅರಗೇ ಕರಗಿ ಕೈಗೆ ಬರುತ್ತದೆ.

ಸೇರಿದ್ದನ್ನು ತೆಗೆಯಲು ಆತುರ ಸಲ್ಲದು. ಮೊದಲು ಮೆದುಗೂದಲಿನ ಒಣ ಕುಂಚ. ಬಹಳಷ್ಟು ಗೀರು ಇದರಿಂದಲೇ ತೆಳುವಾಗುತ್ತದೆ. ಆಮೇಲೆ, ಬಣ್ಣ ಗಟ್ಟಿಯಾಗಿದ್ದರೆ ಮಾತ್ರ, ಕಡ್ಡಿಗೆ ಸುತ್ತಿದ ಹತ್ತಿಯನ್ನು ಭಟ್ಟಿಯಿಳಿಸಿದ ನೀರಿನಲ್ಲಿ ಅದ್ದಿ, ಹೆಚ್ಚಿನ ನೀರನ್ನು ಹಿಂಡಿ, ಬೊಂಬೆಯ ಬೆನ್ನಿನಲ್ಲೋ ಪೀಠದ ತಳದಲ್ಲೋ ಪರೀಕ್ಷಿಸಬೇಕು. ಹತ್ತಿಗೆ ಬಣ್ಣ ಹತ್ತಿತೋ, ಕೆಲಸ ಅಲ್ಲಿಗೆ ನಿಲ್ಲಬೇಕು. ಹತ್ತದಿದ್ದರೆ ಕಡ್ಡಿಯನ್ನು ಉಜ್ಜದೆ ಉರುಳಿಸುತ್ತ, ಕಾಸಿನಗಲದಷ್ಟು ಜಾಗ ಮುಗಿದೊಡನೆ ಒಣಹತ್ತಿಯಿಂದ ತೇವ ಹೀರಿ ಮುಂದುವರಿಯಬೇಕು.

ನೀರಿಗಿಂತ ಮೇಲಾದ ದ್ರವವೊಂದುಂಟು. ಹೇಳಿದರೆ ಕೆಲವು ವಾಚಕರು ಮೂಗು ಮುರಿದಾರು. ಅದು ಎಂಜಲು! ಚಿತ್ರಗಳನ್ನು, ಹಳೆಯ ವಿಗ್ರಹಗಳನ್ನು ಜೋಪಾನಮಾಡುವ ತಜ್ಞರು ಇದನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಪೋರ್ಚುಗಲ್ಲಿನ ಮೂವರು ಸಂಶೋಧಕರು 1990ರಲ್ಲಿ ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ, ಅದರಲ್ಲಿನ ಅಮೈಲೇಸ್ ಎಂಬ ಕಿಣ್ವಕ್ಕೆ ಕೊಳೆ ಬಿಡಿಸುವ ಶಕ್ತಿಯಿರುವುದನ್ನು ತೋರಿಸಿದರು. 2018ರಲ್ಲಿ ಅವರಿಗೆ ನಗಿಸಿ ಚಿಂತನೆಗೆ ಹಚ್ಚುವ ‘ಇಗ್ ನೊಬೆಲ್’ ಪುರಸ್ಕಾರ ಬಂತು. ವಿಷ್ಣುವಿನ ವಾಹನಕ್ಕೆ ಎಂಜಲು ಸೋಕಿಸುವುದು ಹೇಗೆಂದು ನಮ್ಮಲ್ಲೊಂದು ಚರ್ಚೆಯೇ ನಡೆಯಿತು. ಶಬರಿಯ ಕಥೆಯನ್ನು ಎತ್ತಿ ಆಡಿದ ವಿದ್ಯಾರ್ಥಿನಿಯೊಬ್ಬಳಿಗೆ ಜಯವಾಯಿತು. ಆದರೆ ಕಿನ್ನಾಳದ ಅಂಟಿಗೆ ಇದೂ ತೇವವೇ. ಪರೀಕ್ಷೆ ಮಾಡದೆ ಹಚ್ಚುವಂತಿಲ್ಲ.

ಹೀಗೆ ಮೂರು ಸಂಜೆಗಳಲ್ಲಿ ಹೆಚ್ಚಿನ ಗೆರೆಗಳು ಹೋದವು. ಎಡರೆಕ್ಕೆಯಲ್ಲಿ ಎರಡು ಮಾತ್ರ ಉಳಿದವು. ಅಲ್ಲಿ ಬಣ್ಣವೇ ಇರಲಿಲ್ಲ. ಅಂಗಡಿಯ ಕೆಂಪನ್ನು ತಂದು ತುಂಬಿದರಾಯಿತೆಂದು ಸಹೋದ್ಯೋಗಿಯೊಬ್ಬರ ವಾದ. ದೇವಸ್ಥಾನದ ವಾಹನಗಳಿಗೆ ಕಾಲಕಾಲಕ್ಕೆ ಹೊಸ ಬಣ್ಣ ಕೊಡುವುದಿಲ್ಲವೆ ಎಂದೂ ಕೇಳಿದರು. ಕೊಡುತ್ತಾರೆ; ಸೇವೆಯಲ್ಲಿರುವ ವಾಹನಕ್ಕೆ ಅದೇ ಸರಿಯಾದ ಕ್ರಮ, ಬಣ್ಣ ಹಚ್ಚುವವನೂ ಆ ಪರಂಪರೆಯ ಕೈ. ಗಾಜಿನೊಳಗೆ ನೋಡುವುದಕ್ಕೆಂದೇ ಇಟ್ಟ ಬೊಂಬೆಯ ಮಾತು ಬೇರೆ. ಗ್ರಂಥಸಂಪಾದನೆಯ ಪಾಠ ಹೇಳುವ ನನಗೆ ಇದರಲ್ಲಿ ಸಂದೇಹವಿಲ್ಲ: ಲಿಪಿಕಾರ ಸೇರಿಸಿದ್ದನ್ನು ಬಿಡಿಸಬಹುದು, ಹುಳು ತಿಂದ ಅಕ್ಷರವನ್ನು ಊಹಿಸಿ ಕಂಸದಲ್ಲಿ ಕೊಡಬಹುದೇ ಹೊರತು ಓಲೆಯ ಮೇಲೆಯೇ ಕೊರೆಯಬಾರದು. ರೆಕ್ಕೆಯ ಎರಡು ಗೀರುಗಳನ್ನು ಹಾಗೆಯೇ ಬಿಟ್ಟು, ಅವು ಎಲ್ಲಿವೆ, ಎಷ್ಟುದ್ದವಿವೆ ಎಂಬುದನ್ನು ವಿಭಾಗದ ದಾಖಲೆಪುಸ್ತಕದಲ್ಲಿ ಬರೆದಿಟ್ಟೆವು.